ಶ್ವಾಂಗ್ಲಿನ್‌ಗೆ ವರ ಬೇಕಾಗಿದೆ

ಎಲ್ಲಿಂದ ಶುರು ಮಾಡಲಿ? ಮೊದಲು ಚಕ್ರವರ್ತಿಯಿಂದ ಶುರು ಮಾಡಿದ್ದೆ. ಹಿಂದಿನ ಕಾಲದಲ್ಲಿ ನಮ್ಮೂರಿನ ಈ ಸ್ವರ್ಗದೇಗುಲಕ್ಕೆ ಬಂದು, ಇಲ್ಲಿನ ಉಪವಾಸದ ಅರಮನೆಯಲ್ಲಿ ಮಾಂಸ ಮುಟ್ಟದೆ ಕೂತು, ಆಮೇಲೆ ಒಳ್ಳೆಯ ಬೆಳೆ ಬೇಡಿಕೊಳ್ಳುತ್ತಿದ್ದ ಚಕ್ರವರ್ತಿ. ಯುಲಾನಕ್ಕ ಓದಿ ಕಾಗದವನ್ನು ನನ್ನ ಮಡಿಲಿಗೆಸೆದಳು.

"ಇವನ್ಯಾಕೆ ಮಧ್ಯ ಬಂದ? ನನ್ನ ಮಗಳ ವಿಷಯ ಬರಿ ಅಂದ್ರೆ!"

ಸರಿ, ಚಕ್ರವರ್ತಿ ಔಟ್. (ಸಿಂಹಾಸನದಿಂದಲೇ ಇಳಿಸಿದ್ದಾಗಿದೆ, ಕತೆಯಿಂದ ಇಳಿಸಿದರೆ ಅವನಿಗೇನೂ ಬೇಜಾರಾಗಲಿಕ್ಕಿಲ್ಲ.)

೧

ಯುಲಾನಕ್ಕ ನಮ್ಮ ಕೆಳಗಿನ ಮನೆಯವಳು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಈ ದೇಗುಲದ ಸೈಪ್ರೆಸ್ ಮರಗಳ ಕೆಳಗೆ ಅಪ್ಪ ಅಮ್ಮಂದಿರು ಮದುವೆಯಾಗದ ಮಕ್ಕಳ ವಿವರ ಬರೆದ ಹಾಳೆ ಹಾಸಿಕೊಂಡು ಕೂರುತ್ತಾರೆ. ಅವಳದೂ ಒಂದು.

'ಹುಡುಗಿ. ಹೆಸರು ಶ್ವಾಂಗ್ಲಿನ್. ಮೂವತ್ತನಾಲ್ಕು. ಹಲ್ಲಿನ ಡಾಕ್ಟರು. ಅಡುಗೆ ಬರುವುದಿಲ್ಲ.'

ಶ್ವಾಂಗ್ಲಿನ್ ಒಮ್ಮೆ ಬಂದು ನೋಡಿ ಎಲ್ಲರೆದುರು ಕೂಗಾಡಿದ್ದಳು. "ನಾನೇನು ಎಲೆಕೋಸಾ ಅಮ್ಮಾ, ಹೀಗೆ ಹಾಸಿ ಮಾರೋಕೆ?" ಇಬ್ಬರೂ ಮಾತು ಬಿಟ್ಟರು. ಎರಡು ತಿಂಗಳಾದ ಮೇಲೆ ವರ್ತುಲ ರಸ್ತೆಯಲ್ಲಿ ಅವಳ ಸ್ಕೂಟರಿಗೆ ಲಾರಿ ಗುದ್ದಿತು. ಅಲ್ಲಿವರೆಗೂ ಮಾತು ಮತ್ತೆ ಶುರುವಾಗಿರಲಿಲ್ಲ.

ಮಗಳು ಹೋದ ಹದಿನೈದು ದಿನಕ್ಕೆ ಯುಲಾನಕ್ಕ ಮತ್ತೆ ಬಂದು ಅದೇ ಹಾಳೆ ಹಾಸಿದಳು. ಮೂರು ವರ್ಷದಿಂದ ವಯಸ್ಸು ಮೂವತ್ತನಾಲ್ಕೇ. ಯಾರಿಗೂ ಅನುಮಾನ ಬರಲಿಲ್ಲ. ಅಲ್ಲಿ ಎಲ್ಲರ ಮಕ್ಕಳ ವಯಸ್ಸೂ ಹಾಗೆಯೇ ನಿಂತಿರುತ್ತದೆ.

(ಬಿಸಿಲಿಗೆ ಹಾಳೆ ಮಾಸಿದಾಗಲೆಲ್ಲ ಹೊಸದಾಗಿ ಬರೆದುಕೊಟ್ಟವಳು ನಾನೇ. ಇದನ್ನು ಹೇಳದೆ ದಾಟಿಬಿಡುವ ಯೋಚನೆಯಿತ್ತು.)

೨

ಬಂದ ಗಂಡುಗಳಿಗೆಲ್ಲ ಅವಳು ಹುಳುಕು ಹುಡುಕಿ ಕಳಿಸುತ್ತಿದ್ದಳು. ಕುಳ್ಳ. ಕುಡುಕ. ಐದನೇ ಮಹಡಿ, ಲಿಫ್ಟಿಲ್ಲ. ಡೌ ಮೇಸ್ತ್ರಿ ಮಾತ್ರ ಬಿಡಲಿಲ್ಲ. ಟ್ರಾಲಿ ಬಸ್ಸು ಓಡಿಸಿ ನಿವೃತ್ತನಾದವನು; ಇಲ್ಲಿ ಡ್ರೈವರನ್ನೂ ಮೇಸ್ತ್ರಿ ಅಂತಲೇ ಕರೆಯುವುದು.

"ಅಕ್ಕಾ, ನನ್ನ ಮಗ ಹಾನ್‌ಬೋ ಜನ್ಮದಲ್ಲಿ ಮೊದಲ ಸಲ ಹೂಂ ಅಂದಿದಾನೆ! ಅಡುಗೆ ಬರಲ್ಲ ಅಂತ ಬರೆದಿದೀರಲ್ಲ, ಓದಿ ನಕ್ಕುಬಿಟ್ಟ. ನಿಜ ಹೇಳೋ ಮನೆಯವರು, ಹೋಗಿ ನೋಡೋಣ ಅಂದ."

ಯುಲಾನಕ್ಕನ ಬಾಯಲ್ಲಿ ಯಾವ ಹುಳುಕೂ ಹೊರಡಲಿಲ್ಲ.

"ಹುಡುಗಿ ಇಲ್ಲ ಮೇಸ್ತ್ರಿ."

"ಊರಲ್ಲಿಲ್ವಾ? ಬಂದ ಮೇಲೇ ಆಗ್ಲಿ ಬಿಡಿ."

"ಬರಲ್ಲ. ಹೋಗಿ ಮೂರು ವರ್ಷ ಆಯ್ತು."

ಮೇಸ್ತ್ರಿ ಟೋಪಿ ತೆಗೆದ. ಮರುಕ್ಷಣ ಮುಖ ಕೆಂಪಾಯಿತು. "ಮೂರು ವಾರ ಆಡಿಸಿದ್ರಲ್ಲ ನನ್ನ! ಅವನು ಹೇರ್‌ಕಟ್ ಮಾಡಿಸ್ಕೊಂಡು ಕಾಯ್ತಿದಾನೆ. ಮನೆಗೆ ಹೋಗಿ ಏನಂತ ಹೇಳ್ಲಿ?"

"ಬಯ್ರಿ, ಅದೇ ವಾಸಿ. ಬೇರೆ ಎಲ್ರೂ ಪಾಪ ಅಂದ್ಕೊಂಡು ದೂರ ಹೋಗ್ತಾರೆ." ಅವಳು ಹಾಳೆಯ ಮಡಿಕೆ ಸರಿಮಾಡಿದಳು. "ಮನೇಲಿ, ಬೀದೀಲಿ ಅವಳ ಹೆಸರು ಎತ್ತೋರೇ ಇಲ್ಲ. ಇಲ್ಲಿ ಕೂತ್ರೆ, ಶ್ವಾಂಗ್ಲಿನ್ ಹೇಗಿದಾಳೆ, ಏನು ಇಷ್ಟ ಅಂತ ಕೇಳ್ತಾರೆ. ಅಷ್ಟಕ್ಕೇ ಬರ್ತೀನಿ."

ಮೇಸ್ತ್ರಿ ಟೋಪಿ ಹಾಕಿಕೊಂಡು ಹೊರಟುಹೋದ.

೩

ಇಲ್ಲಿವರೆಗೆ ಬರೆದದ್ದನ್ನು ಇವತ್ತು, ಶುಕ್ರವಾರ, ಅದೇ ಮರದಡಿ ಅವಳಿಗೆ ಓದಿ ಹೇಳಿದೆ. ಜೊತೆಗೆ ಎರಡು ಮುಕ್ತಾಯ.

ಅ) ಮೇಸ್ತ್ರಿ ಪೇರುಹಣ್ಣು ಹಿಡಿದು ಬರುತ್ತಾನೆ, ಅವನ ಮಗ ಇವಳನ್ನು ಅಮ್ಮಾ ಎನ್ನುತ್ತಾನೆ.

"ಥೂ! ಸೀರಿಯಲ್ಲು."

ಆ) ಅವಳು ಹಾಳೆ ಹರಿದುಹಾಕಿ, ಇಲ್ಲಿಗೆ ಬರುವುದನ್ನೇ ಬಿಡುತ್ತಾಳೆ.

"ಹರಿದಿಲ್ಲ, ಮಡಚಿ ಚೀಲದಲ್ಲಿಟ್ಟಿದೀನಿ. ಸುಳ್ಳು ಬರೀಬೇಡ್ವೇ. ಬರೋದು ಬಿಟ್ರೆ ಶುಕ್ರವಾರ ಎಲ್ಲಿಗೆ ಹೋಗ್ಲಿ?"

ಮೂರನೆಯದು ಹುಡುಕುತ್ತಿದ್ದೆ. ನಲವತ್ತರ ಆಸುಪಾಸಿನ ಒಬ್ಬ ಒಂದೊಂದೇ ಹಾಳೆ ಓದುತ್ತ ಬಂದು, ನಮ್ಮೆದುರಿನ ಖಾಲಿ ನೆಲದ ಹತ್ತಿರ ನಿಂತ.

"ನಾನು ಡೌ ಹಾನ್‌ಬೋ. ಶ್ವಾಂಗ್ಲಿನ್ ಅವರ ತಾಯಿ ಇಲ್ಲೇ ಕೂರ್ತಾರಂತೆ?"

ಅಪ್ಪ ಇವನಿಗೆ ಹೇಳಿದ್ದಾನೋ ಇಲ್ಲವೋ? ಕತೆ ಬರೆಯುವವಳಿಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ.

ಯುಲಾನಕ್ಕ ನನ್ನ ಮಣಿಕಟ್ಟು ಹಿಡಿದಳು. "ಏನ್ ಹೇಳ್ಲೇ? ಬರೆಯೋಳಲ್ವಾ ನೀನು, ಬೇಗ ಹೇಳು!"

ನಾನು ಕೈಲಿದ್ದ ಕಾಗದ ತಿರುವಿಹಾಕಿದೆ. ಅವಳು ಕೈ ಬಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು.

"ನಾನೇ ಕಣಪ್ಪಾ. ಊಟ ಆಯ್ತಾ?"

ಅವನೇನೋ ಹೇಳಿದ. ಕೇಳಿಸಲಿಲ್ಲ. ಮುಖವಾದರೂ ನೋಡೋಣವೆಂದರೆ ಯುಲಾನಕ್ಕ ನನಗೆ ಬೆನ್ನು ಮಾಡಿ, ಅಡ್ಡ ನಿಂತುಬಿಟ್ಟಿದ್ದಳು.