ಅಳದ ಕೂಸು

ಒಂದೇ ವಾರದಲ್ಲಿ ಹುಟ್ಟಿದ ಎರಡು ಕೂಸುಗಳಲ್ಲಿ ನೆರೆಮನೆಯ ಹುಸೇನ್‌ಬೀಯ ಮಗ ಆಗಲೇ ಅಂಬೆಗಾಲಿಡುತ್ತಿದ್ದ. ಪಾರ್ವತೆಮ್ಮನ ಮಗಳು ಗದ್ದೆಮ್ಮನಿಗೆ ಇನ್ನೂ ಕುತ್ತಿಗೆಯೇ ನಿಂತಿರಲಿಲ್ಲ. ಜವಳಗೇರಾದ ಓಣಿಯವರು ದೃಷ್ಟಿಯಾಗಿದೆ ಎಂದರು. ಪಾರ್ವತೆಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ತಾಯತ ಕಟ್ಟಿಸಿದಳು. ಕೂಸು ಮಾತ್ರ ಹಾಗೇ ಇತ್ತು.

ತುಂಗಭದ್ರೆಯ ಕಾಲುವೆ ತೋಡುತ್ತಿದ್ದ ಕಾಲ ಅದು. ಬೆಳಗಾದರೆ ಪಾರ್ವತೆಮ್ಮ, ಗಂಡ ಅಂಬಪ್ಪ ಇಬ್ಬರೂ ಮಣ್ಣು ಹೊರಲು ಹೋಗುತ್ತಿದ್ದರು. ಕೂಸು ಅತ್ತೆ ಯಮನಮ್ಮನ ಪಾಲಿಗೆ. ಯಮನಮ್ಮ ಅದನ್ನು ಕಂಕುಳಲ್ಲಿಟ್ಟುಕೊಂಡೇ ಗೌಡರ ದನದ ದೊಡ್ಡಿಗೆ ಹೋಗಿ, ಕಸ ಬಳಿದು, ಸಗಣಿಯ ಕುಳ್ಳು ತಟ್ಟಿ ಕೂಲಿಯ ಜೋಳ ತರುತ್ತಿದ್ದಳು.

ಒಂದು ಮಧ್ಯಾಹ್ನ ಹಾಲು ಕಟ್ಟಿ ಎದೆ ನೋಯತೊಡಗಿ, ಪಾರ್ವತೆಮ್ಮ ಕೆಲಸ ಬಿಟ್ಟು ದೊಡ್ಡಿಗೆ ಬಂದಳು. ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂಸು ಮಲಗಿತ್ತು. ಎತ್ತಿ ಎದೆಗಿಟ್ಟರೆ ಬಾಯಿ ತೆರೆಯಲಿಲ್ಲ. ಅಂಗಾಲು ಉಜ್ಜಿದರೂ ಕಣ್ಣು ಬಿಡಲಿಲ್ಲ. ತುಟಿಯಂಚಿನಲ್ಲಿ ಕಂದು ಕಲೆ.

"ಅತ್ತೀ, ಕೂಸಿಗೆ ಏನ್ ಕೊಟ್ಟಿ?"

ಯಮನಮ್ಮ ಸಗಣಿ ಕೈಯಲ್ಲೇ ನಿಂತಳು. "ಸಾಸಿವಿ ಕಾಳಿನಷ್ಟು ಅಪೀಮು. ದಿನಾ ಕೊಡ್ತೀನಿ. ನಿನ್ನ ಗಂಡನ್ನೂ ಹಿಂಗ ಬೆಳಸೀನಿ."

"ಮಲಗಿದ ಕೂಸು ಹಾಲು ಯಾವಾಗ ಕುಡೀಬೇಕು? ಅಳಲಿಲ್ಲಂದ್ರ ಅದಕ್ಕ ಹಸಿವಾಗೇತಂತ ಯಾರಿಗೆ ತಿಳೀಬೇಕು?"

"ಅತ್ತರ ಗೌಡಸಾನಿ ನಾಳಿಂದ ಬರಬ್ಯಾಡ ಅಂತಾಳ. ಮನಿಗೆ ಜೋಳ ಎಲ್ಲಿಂದ ತರಲಿ? ನನಗೇನು ಮೊಮ್ಮಗಳ ಮ್ಯಾಲೆ ಹಗೀನಾ?"

ಪಾರ್ವತೆಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ಆ ಜೋಳದ ರೊಟ್ಟಿಯನ್ನು ತಾನೂ ತಿಂದಿದ್ದಳು.

ಮರುದಿನ ಕೂಸನ್ನು ಕಾಲುವೆಗೇ ಒಯ್ದು, ಏರಿಯ ಮೇಲಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿದಳು. ಮೇಸ್ತ್ರಿ ಹುಸೇನಪ್ಪ ಸಿಡುಕಿದ: "ಕೂಸು ಮನ್ಯಾಗ ಬಿಟ್ಟು ಬರಬೇಕವಾ."

"ಬಿಟ್ಟು ಬಂದೇ ಹಿಂಗಾಗೇತ್ರೀ," ಎಂದು ಅವಳು ಜೋಲಿ ಸರಿಸಿ ತೋರಿಸಿದಳು.

ಅವನು ಆ ಕಡ್ಡಿಗಾಲುಗಳನ್ನು ನೋಡಿ ಮುಖ ತಿರುಗಿಸಿದ. "ಕೆಲಸ ಹಿಂದ ಬೀಳಬಾರದು ನೋಡು."

ಹಿಂದೆ ಬಿದ್ದೇ ಬಿತ್ತು. ಅಪೀಮು ತಪ್ಪಿದ ಕೂಸು ಒಂದೇ ಸಮನೆ ಅಳುತ್ತಿತ್ತು. ಪಾರ್ವತೆಮ್ಮ ಬುಟ್ಟಿ ಇಳಿಸಿ ಓಡಬೇಕು, ಮತ್ತೆ ಬಂದು ಹೊರಬೇಕು. ಜೊತೆಯ ಹೆಂಗಸರು ಗೊಣಗಿದರು. ವಾರ ಕಳೆಯುವಷ್ಟರಲ್ಲಿ ಅವಳಿಗೂ ಸಾಕುಸಾಕಾಯಿತು. ನಾಳೆಯಿಂದ ಅತ್ತೆಯ ಹತ್ತಿರವೇ ಬಿಡೋಣ ಎಂಬಷ್ಟಕ್ಕೆ ಬಂದಳು.

ಆ ಬೆಳಿಗ್ಗೆ ಯಮನಮ್ಮ ಏರಿ ಹತ್ತಿ ಬಂದು ಜೋಲಿಯ ಹಗ್ಗ ಹಿಡಿದು ಕೂತಳು.

"ಗೌಡರ ದೊಡ್ಡಿಗೆ ಹೋಗಲಿಲ್ಲೇನು?"

"ನಾನ ಬಿಟ್ಟೀನಿ, ಈಗ ಬ್ಯಾರೆದಾಕಿ ಬಂದಾಳ. ಕೂಸು ಬಾಯಿ ಚಪ್ಪರಸಾಕತ್ತೈತಿ, ಮೊದಲು ಕುಡಿಸು."

ಆ ವರ್ಷ ಮನೆಯಲ್ಲಿ ರೊಟ್ಟಿ ಕಡಿಮೆಯಾಯಿತು, ಅಂಬಲಿ ತೆಳ್ಳಗಾಯಿತು. ಅಂಬಪ್ಪ ಗೊಣಗಿದಾಗ, "ಹಾಲು ಕುಡಿಸಾಕಿ ಮೊದಲು ಉಣ್ಲಿ, ಉಳಿದಿದ್ದು ನಮಗ," ಎಂದು ಯಮನಮ್ಮ ಸೊಸೆಯ ಮುಂದೆ ರೊಟ್ಟಿ ಇಟ್ಟಳು. ಆ ಮನೆಯಲ್ಲಿ ಸೊಸೆ ಗಂಡಸರಿಗಿಂತ ಮೊದಲು ಉಂಡದ್ದು ಅದೇ ಮೊದಲು.

ಚಳಿ ಕಳೆಯುವ ಹೊತ್ತಿಗೆ ಗದ್ದೆಮ್ಮ ಕೂತಳು. ನಡೆದದ್ದು ಬಹಳ ತಡವಾಗಿ. ಕೊನೆಯವರೆಗೂ ಗಿಡ್ಡಗೇ ಉಳಿದಳು. ಆ ಬೇಸಿಗೆಗೆ ಬೇವಿನ ಮರಕ್ಕೆ ಇನ್ನಷ್ಟು ಜೋಲಿಗಳು ಬಿದ್ದವು. ಹೆಂಗಸರು ತಮ್ಮ ಬುತ್ತಿಯಲ್ಲಿ ಯಮನಮ್ಮನಿಗೂ ಒಂದಿಷ್ಟು ತರತೊಡಗಿದರು. ಯಾವ ಕೂಸು ಅತ್ತರೂ ಅವಳು ಏರಿಯ ಮೇಲಿಂದ ಅದರ ತಾಯಿಯ ಹೆಸರು ಹಿಡಿದು ಕೂಗುತ್ತಿದ್ದಳು.