ಹುಳುಮನೆಯ ಸದ್ದು

“ಸೊಪ್ಪಿನ ಮಕ್ರಿ ತಳ್ದಲ್ಲಿ ಏನಮ್ಮಿ ಇದು? ನಿಮ್ಮಪ್ಪ ಬರ್ದಿಟ್ಟೋಗವ್ನಾ, ಬೋಳಿಮುಂಡೆ?”

ಮಹದೇವಪ್ರಸಾದ್ ನನ್ನ ಅತ್ತೆಯ ಬೈಬಲ್ಲನ್ನು ಚಪ್ಪಲಿಯ ತುದಿಯಿಂದ ಮಗುಚಿದ. ಮಾಂಬಳ್ಳಿಯ ಅವನ ರೇಷ್ಮೆ ಹುಳುಮನೆಯಲ್ಲಿ ನಾವು ನಾಲ್ವರು ಹೆಂಗಸರು ಕೂಲಿ. ಅವನ ಮನೆಯ ಹೊಸಲು ನಾವು ದಾಟುವಂತಿಲ್ಲ. ಹುಳುಮನೆಗೆ ಮಾತ್ರ ಕೈಕಾಲು ತೊಳೆಸಿ ಬಿಡುತ್ತಾನೆ. ಹುಳು ದೊಡ್ಡದಾದ ಮೇಲೆ ಹೊರಗಿನವರು ಯಾರೂ ಅಲ್ಲಿಗೆ ಬರುವುದಿಲ್ಲ, ರೋಗ ತಗಲುತ್ತದೆಂದು. ಅದಕ್ಕೇ ಭಾನುವಾರ ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದೆವು. ಸಾವಿರಾರು ಹುಳು ಸೊಪ್ಪು ಕಡಿಯುವ ಸದ್ದು ತಗಡಿನ ಮೇಲೆ ಮಳೆ ಬಿದ್ದ ಹಾಗಿರುತ್ತದೆ. ನಮ್ಮ ದನಿ ಬಾಗಿಲು ದಾಟುತ್ತಿರಲಿಲ್ಲ.

ಅವನು ನನ್ನ ಅತ್ತೆ ಪುಟ್ಟಮಾದಮ್ಮನನ್ನು ಅಂಗಳಕ್ಕೆ ಎಳೆದು, ಅಂಗೈಯಲ್ಲಿ ಕರ್ಪೂರವಿಟ್ಟು ಹಚ್ಚಿದ. ಇನ್ನು ಏಸುವಿನ ಹೆಸರೆತ್ತುವುದಿಲ್ಲವೆಂದು ಮಾದಪ್ಪನ ಮೇಲೆ ಆಣೆ ಇಡಬೇಕು. ಇಲ್ಲವಾದರೆ ನಾವು ಕ್ರೈಸ್ತರಾಗಿದ್ದೇವೆಂದು ಅರ್ಜಿ ಕೊಟ್ಟು, ಕೊಳ್ಳೇಗಾಲದ ಹಾಸ್ಟೆಲಿನಲ್ಲಿರುವ ನನ್ನ ಮಗಳು ಕೋಮಲಳ ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ರದ್ದು ಮಾಡಿಸುತ್ತೇನೆಂದ. ಅದು ಹೋದರೆ ಹಾಸ್ಟೆಲೂ ಹೋಯಿತು, ಓದೂ ಹೋಯಿತು.

ಅತ್ತೆ ಆಣೆ ಇಟ್ಟಳು. ಕರ್ಪೂರ ತಾನಾಗಿ ಆರುವವರೆಗೆ ಅವನು ಕೈ ಕೊಡವಲು ಬಿಡಲಿಲ್ಲ. ಚರ್ಮ ಸುಟ್ಟ ವಾಸನೆ ನನ್ನವರೆಗೂ ಬಂತು.

“ಆಣೆ ಆಣೆಗಾಯ್ತು,” ಎಂದು ನಕ್ಕ. “ನಿಮ್ ಪ್ರಾರ್ಥ್ನೆ ಇಚಾರ ನಂಗೆ ಮೊದ್ಲೇ ಗೊತ್ತು. ಅರ್ಜಿಯ ಸೋಮಾರನೇ ಯಳಂದೂರು ತಾಲ್ಲೂಕಾಪೀಸಲ್ಲಿ ಕೊಟ್ಬುಟ್ಟಿವ್ನಿ. ಓಗು, ಸೊಪ್ಪು ಕುಯ್ಕಬಾ. ಹುಳ ಅಸ್ಕಂಡವ.”

“ಆಯ್ತು ಬುದ್ಧಿ,” ಎಂದೆ ನಾನು.

ತೋಟದಂಚಿನ ಬಾಳೆಗೆ ಹಿಂದಿನ ದಿನ ಔಷಧಿ ಹೊಡೆದಿದ್ದರು. ಪಕ್ಕದ ಎರಡು ಸಾಲು ಸೊಪ್ಪಿಗೂ ಅದು ಹಾರಿತ್ತು. ಯಾರೂ ಕುಯ್ಯಬಾರದೆಂದು ಅವನೇ ಕೆಂಪು ಬಟ್ಟೆ ಕಟ್ಟಿಸಿದ್ದ. ನಾನು ಬಟ್ಟೆ ಬಿಚ್ಚಿ ಬೇಲಿಗೆಸೆದು ಎರಡೂ ಸಾಲನ್ನು ಬುಡದವರೆಗೆ ಕುಯ್ದೆ.

ಹುಳುಮನೆಯಲ್ಲಿ ಅತ್ತೆ ಎಲೆಯೊಂದನ್ನು ಮೂಗಿಗೆ ಹಿಡಿದಳು.

“ಯಾವ ಸಾಲ್ದಮ್ಮಿ?”

“ಕೆಂಪು ಬಟ್ಟೆದು, ಅತ್ತಮ್ಮ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಸುಡದ ಕೈಯಿಂದ ಸೊಪ್ಪು ಹರಡತೊಡಗಿದಳು. ಹುಳುವಿನ ಒಂದು ತಟ್ಟೆಯನ್ನೂ ಬಿಡಲಿಲ್ಲ.

ಹುಳುಗಳು ಮುಗಿಬಿದ್ದು ಮೇದವು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಒದ್ದಾಡುತ್ತ ಹಸಿರು ನೀರು ಕಕ್ಕಿದವು. ಸದ್ದು ಒಂದೊಂದೇ ತಟ್ಟೆಯಲ್ಲಿ ನಿಲ್ಲುತ್ತ ಬಂತು. ಜಗಲಿಯ ಮೇಲಿದ್ದ ಮಹದೇವಪ್ರಸಾದ್ ಕಿವಿಗೊಟ್ಟ, ಎದ್ದ, ಓಡಿ ಬಂದ.

ನಾವು ನಾಲ್ವರೂ ಮಂಡಿಯೂರಿ ಕಣ್ಮುಚ್ಚಿದ್ದೆವು. ಹುಳುಮನೆಯಲ್ಲಿ ಈಗ ಕೇಳುತ್ತಿದ್ದದ್ದು ನಮ್ಮ ಪ್ರಾರ್ಥನೆಯೊಂದೇ.