ತುದಿ ಕಪ್ಪಿಲ್ಲದ ರೆಕ್ಕೆ

ಬಿಳಿ, ಬರೀ ಬಿಳಿ, ತುದಿಯಲ್ಲಿ ಕಪ್ಪೇ ಇಲ್ಲ, ಮಂಜಿನೊಳಗೆ ರೆಕ್ಕೆಯೊಂದು ನೀರಿನ ಮೇಲೆ ಬಿಚ್ಚಿಕೊಂಡು ಮಡಿಚಿಕೊಳ್ಳುತ್ತಿದೆ, ಈಗ ಅದೂ ಇಲ್ಲ, ಸುಮ್ಮನಾಯಿತು — ಮದ್ದಿನ ವಾಸನೆ ಇನ್ನೂ ಮೂಗಿನಲ್ಲಿದೆ, ಜೊಂಡಿನ ಮರೆಯಲ್ಲಿ ನನ್ನ ಪಕ್ಕ ಕೂತ ಓರಿನ್ ಅಣ್ಣ ಕೋವಿ ಇಳಿಸಿ ನಗುತ್ತಿದ್ದಾನೆ, ಬಿತ್ತು ಕಣೇ ಆರ್ಡಿಸ್, ಈ ವರ್ಷದ ಮೊದಲ ಬಿಳಿ ಹೆಬ್ಬಾತು, ಮುದುಕನಾದ ಅಂತ ಆಡ್ಕೊಳ್ತಿದ್ರಲ್ಲ ಬೇಟೆ ಕ್ಲಬ್ಬಿನವರು, ಈಗ ಬಂದು ನೋಡ್ಲಿ. ಹೆಬ್ಬಾತಲ್ಲ ಅಣ್ಣ. ಇದನ್ನು ಬಾಯಿಬಿಟ್ಟು ಹೇಳಿದೆನೋ, ಇಲ್ಲ, ಹೇಳಿಲ್ಲ, ತುಟಿ ಮರಗಟ್ಟಿದೆ, ಚಳಿಗೆ ಅಂದುಕೊಳ್ಳಲಿ. ಬಿಳಿ ಹೆಬ್ಬಾತಿಗೆ ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪು, ಹಂಸಕ್ಕೆ ತುದಿಯವರೆಗೂ ಬಿಳಿ, ಹೆಬ್ಬಾತನ್ನು ಹೊಡೆಯಬಹುದು, ಹಂಸವನ್ನು ಹೊಡೆಯಲು ಕಾನೂನಿಲ್ಲ, ಕಪ್ಪು ಕಣ್ಣಿಗೆ ಬೀಳುವವರೆಗೆ ಬೆರಳು ಟ್ರಿಗರ್ ಹತ್ತಿರ ಹೋಗಕೂಡದು — ಇದನ್ನು ಕಲಿಸಿದವನು ಯಾರು, ಇವನೇ, ಚರ್ಚಿನ ನೆಲಮಾಳಿಗೆಯ ಬೇಟೆ ತರಗತಿಯಲ್ಲಿ, ಊರಿನಲ್ಲಿ ಕೋವಿ ಹಿಡಿದ ಪ್ರತಿಯೊಬ್ಬರಿಗೂ, ಈಗ ಬೇಟೆಯ ಕಾನೂನು ಕಾಯುವ ವಾರ್ಡನ್ ಆಗಿರುವ ಡೀನಾಗೂ, ನನಗೂ. ಬೆಳಿಗ್ಗೆ ಫ್ಲಾಸ್ಕಿನ ಕಾಫಿಯನ್ನು ಲೋಟದ ಹೊರಗೆ ಸುರಿದ, ಕತ್ತಲೆ ಕಣೇ ಎಂದ, ಕತ್ತಲೆಯೇ ಇರಬೇಕು ಎಂದು ನಾನೂ ನಂಬಿದೆ, ಅವನ ಕಣ್ಣು ಮಬ್ಬಾಗಿದೆ ಎಂದು ಹೊಳೆಯಲಿಲ್ಲ.

ಮೇಲೆ ಇನ್ನೊಂದು ಸುತ್ತುತ್ತಿದೆ, ಜೊತೆಯ ಹಂಸ, ಕಹಳೆ ಊದಿದ ಹಾಗೆ ಕೂಗು, ನನ್ನ ಎದೆಗೇ ಬಂದು ಬಡಿಯುತ್ತದೆ, ಅಣ್ಣನಿಗೆ ಕೇಳಿಸುವುದಿಲ್ಲ, ಒಂದು ಜನ್ಮವಿಡೀ ಗುಂಡು ಹಾರಿಸಿದ ಕಿವಿ, ಕಿವಿಯ ಮಿಷನ್ನು ಟ್ರಕ್ಕಿನಲ್ಲೇ ಬಿಟ್ಟಿದ್ದಾನೆ, ಸದ್ದಾದರೆ ಅದು ಕೀ ಎನ್ನುತ್ತದಂತೆ. ಕೂಗಬೇಡ, ಹೋಗು, ಇಲ್ಲಿ ನಿನಗೇನೂ ಇಲ್ಲ — ನಾವು ಚಿಕ್ಕವರಿದ್ದಾಗ ಇಲ್ಲಿ ನೀರೇ ಇರಲಿಲ್ಲ, ಅಪ್ಪ ನೆಲದಡಿ ಮಣ್ಣಿನ ಕೊಳವೆ ಹೂತು ಜೌಗನ್ನೆಲ್ಲ ಬತ್ತಿಸಿ ಮೆಕ್ಕೆಜೋಳ ಹಾಕಿದ್ದ, ಅಪ್ಪ ಹೂತ ಕೊಳವೆಗಳನ್ನು ಅಣ್ಣನೇ ಅಗೆದು ಒಡೆದ, ಇಡೀ ಮಿನ್ನೆಸೋಟಾದಲ್ಲಿ ಬಂಗಾರದಂಥ ಹೊಲವನ್ನು ಕೆಸರು ಮಾಡಿದ ಹುಚ್ಚ ಇವನೊಬ್ಬನೇ ಎಂದು ನೆರೆಯವರು ನಕ್ಕರು. ಅಕ್ಕಪಕ್ಕದ ಹೊಲವನ್ನೂ ಕೊಂಡು ಜೌಗು ಮಾಡುವುದಕ್ಕೆ ಬೇಟೆ ಕ್ಲಬ್ಬಿನವರು ಹ್ಯಾಮು ಆಲೂಗಡ್ಡೆ ಊಟ ಹಾಕಿ, ಕೋವಿಯೊಂದನ್ನು ಲಾಟರಿಗಿಟ್ಟು ದುಡ್ಡೆತ್ತಿದರು, ವರ್ಷ ವರ್ಷ ಬೇಟೆಯ ಪರವಾನಗಿಗೆಂದು ಸರ್ಕಾರ ಮಾರುವ ಬಾತಿನ ಸ್ಟಾಂಪು ಕೊಂಡು ಅದರ ಚಿತ್ರದ ಮೇಲೇ ಶಾಯಿಯಲ್ಲಿ ಸಹಿ ಹಾಕಿದರು, ಆ ಹಣವೂ ಇಂಥದೇ ಜೌಗು ಉಳಿಸುವುದಕ್ಕೆ ಹೋಗುತ್ತದೆ. ನಾವೇನು ಸಾಧುಗಳಲ್ಲ, ಹೊಡಿಯೋಕೆ ಬಾತೇ ಇಲ್ದಾಗ ಬುದ್ಧಿ ಬಂತು, ಅಷ್ಟೇ, ಎನ್ನುತ್ತಾನೆ ಅಣ್ಣ. ನೀರು ಬಂತು, ಕಪ್ಪೆ ಬಂದವು, ಬಾತು ಬಂದವು, ಆಮೇಲೊಂದು ವಸಂತದಲ್ಲಿ, ಈ ಕಡೆ ಎಂದೋ ಅಳಿದುಹೋಗಿದ್ದ ಹಂಸಗಳು ಪೆಟ್ಟಿಗೆಗಳಲ್ಲಿ ಬಂದವು, ಮೊದಲ ಪೆಟ್ಟಿಗೆಯ ಬಾಗಿಲು ತೆಗೆದವನು ಇವನು, ಅದು ಹೊರಗೆ ಬಂದದ್ದೇ ಇವನ ತೊಡೆ ಕಚ್ಚಿತು, ಆ ನೀಲಿ ಗುರುತನ್ನು ಬಾರಿನಲ್ಲಿ ಪ್ಯಾಂಟು ಇಳಿಸಿ ಎಲ್ಲರಿಗೂ ತೋರಿಸಿದ, ಗೆರ್ಡಾ ಅತ್ತಿಗೆ ನಾಚಿಕೆಯಿಂದ ಒಂದು ವಾರ ಚರ್ಚಿಗೆ ಹೋಗಲಿಲ್ಲ.

ಹೋದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಾಗ ಅಣ್ಣನ ಮೊಮ್ಮಗಳು ಬ್ರಿಟಾ, ಮಾಂಸ ಬಿಟ್ಟವಳು, ನೇರವಾಗಿ ಕೇಳಿದಳು, ಅಜ್ಜ, ನೀವು ಉಳಿಸೋದು ಹೊಡಿಯೋಕೆ ತಾನೆ, ಅದನ್ನ ಪ್ರೀತಿ ಅಂತ ಯಾಕೆ ಕರೀತೀರಿ. ಅಣ್ಣ ಸಿಟ್ಟಾಗಲಿಲ್ಲ, ಬಾತಿನ ವಿಷಯದಲ್ಲಿ ನೀನು ಹೇಳೋದು ನಿಜ ಮಗಾ, ಆದ್ರೆ ಹಂಸಾನ ನಾನು ಯಾವತ್ತೂ ಹೊಡಿಯೋ ಹಾಗಿಲ್ಲ, ಆದ್ರೂ ತಂದು ಬಿಟ್ಟಿದೀನಿ, ಅದೊಂದನ್ನ ನೋಡಿ ನನ್ನನ್ನ ಮಾಫಿ ಮಾಡು. ಅವಳು ಎದ್ದುಬಂದು ಅವನ ಬೋಳುತಲೆಗೆ ಮುತ್ತಿಟ್ಟಳು. ಅವನ ಹತ್ತಿರ ಇದ್ದ ಉತ್ತರ ಅದೊಂದೇ, ಅದೀಗ ನೀರಿನ ಮೇಲೆ ಬಿದ್ದಿದೆ. ಬೇಟೆಯ ಆಸೆ ಇಲ್ಲದಿದ್ದರೆ ಈ ನೀರೂ ಇರುತ್ತಿರಲಿಲ್ಲ, ಹಂಸವೂ ಇರುತ್ತಿರಲಿಲ್ಲ, ಅದೇ ಆಸೆಯೇ ಇವತ್ತು ಕಣ್ಣಿಗಿಂತ ಮುಂದೆ ಓಡಿತು ಕಣಮ್ಮ ಬ್ರಿಟಾ.

ಟಿಲ್ಲೀನ ಕಳಿಸೇ, ಎನ್ನುತ್ತಾನೆ, ನಾಯಿ ಆಗಲೇ ನಡುಗುತ್ತಾ ನನ್ನ ಮುಖ ನೋಡುತ್ತಿದೆ. ಸುಳ್ಳು ಹೇಳಬಹುದು, ಕಿವಿಗೆ ಬಾಯಿಟ್ಟು, ಹೆಬ್ಬಾತು ಗಾಯ ಆಗಿ ಹಾರಿಹೋಯ್ತು ಅಣ್ಣ, ಅಂದರೆ ನಂಬುತ್ತಾನೆ, ನಂಬಿ, ಗಾಯದ ಹಕ್ಕೀನ ಬಿಟ್ಟು ಹೋಗಬಾರದು ಕಣೇ ಎಂದು ಎದೆಮಟ್ಟದ ನೀರಿಗೆ ತಾನೇ ಇಳಿಯುತ್ತಾನೆ. ನಿಜ ಹೇಳಿದರೆ ಡೀನಾಗೆ ಫೋನು ಮಾಡು ಎನ್ನುತ್ತಾನೆ, ಅವಳು ಕೋವಿ ಕೇಳುವ ಮೊದಲೇ ಕೊಟ್ಟುಬಿಡುತ್ತಾನೆ, ಮತ್ತೆ ಮುಟ್ಟುವುದಿಲ್ಲ, ನನಗೆ ಗೊತ್ತು, ಅತ್ತಿಗೆ ಹೋದ ಮೇಲೆ ಅವನನ್ನು ಹಾಸಿಗೆಯಿಂದ ಎಬ್ಬಿಸುವುದು ಈ ಜೌಗೊಂದೇ, ದೇವರೇ, ಇನ್ನು ಚಳಿಗಾಲವಿಡೀ ಅವನು ಯಾವ ಗೋಡೆ ನೋಡುತ್ತಾ ಕೂರುತ್ತಾನೆ — ಅಯ್ಯೋ, ಟಿಲ್ಲಿ ಹೋಗಿಯೇಬಿಟ್ಟಳು, ನಾನು ಹೇಳಲಿಲ್ಲ, ಅವನೇ ಕೈಬೀಸಿದ. ಬಾಯಿಗೆ ಹಿಡಿಸದೆ ರೆಕ್ಕೆ ಕಚ್ಚಿ ಎಳೆಯುತ್ತಾಳೆ, ಬಿಡುತ್ತಾಳೆ, ಮತ್ತೆ ಎಳೆಯುತ್ತಾಳೆ, ಭಾರೀ ಇದ್ದ ಹಾಗಿದೆ ಕಣೇ, ಎಂದು ಹಿಗ್ಗುತ್ತಾನೆ. ನಮ್ಮ ಕಾಲಡಿಯ ಹಲಗೆಯ ಮೇಲೆ ಬಂದು ಬಿತ್ತು. ಅಣ್ಣ, ತಾಳು, ಎಂದೆ, ಈ ಸಲ ನಿಜವಾಗಿ ಎಂದೆ, ಅವನು ಕೈಗವಸು ಕಳಚಿ ಬಗ್ಗಿದ್ದಾನೆ, ಹೆಬ್ಬಾತನ್ನು ಕುತ್ತಿಗೆ ಹಿಡಿದೆತ್ತಿ ತೂಕ ನೋಡುವುದು ಅವನ ರೂಢಿ, ಮುಖದ ಮೇಲೆ ನಗು ಇನ್ನೂ ಇದೆ, ಎದೆಯ ಒದ್ದೆ ಗರಿಯಿಂದ ಬೆರಳು ಕುತ್ತಿಗೆಯ ಮೇಲೆ ಹೊರಟಿತು, ತಲೆ ಸಿಗಬೇಕಾದಲ್ಲಿ ತಲೆ ಸಿಗಲಿಲ್ಲ, ಕುತ್ತಿಗೆ, ಇನ್ನೂ ಕುತ್ತಿಗೆ, ಬೆರಳು ನಿಂತಿತು, ಇಷ್ಟೇ ಇಷ್ಟು ಮುಂದೆ ಹೋಯಿತು, ಇನ್ನೂ ಕುತ್ತಿಗೆ, ಅವನ ಬೆರಳು, ಆ ಕುತ್ತಿಗೆ, ಮುಗಿಯದ ಬಿಳಿ ಕುತ್ತಿಗೆ —